ಅಪ್ಪನ ಹಿಂದಿಗೆ ಬಿದ್ದ ಚಪ್ಪಾಳೆ

ನಾನು ಸಣ್ಣವಳಿದ್ದಾಗ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಗುರುವಾರ ರಾತ್ರಿ ಎಂಟರ ಹೊತ್ತಿಗೆ ಎಲ್ಲ ಮನೆಗಳ ಟೀವಿಯಲ್ಲೂ ಒಂದೇ ಕಾರ್ಯಕ್ರಮ. ಒಂದು ಹಿಂದಿ ಹಾಸ್ಯ ಧಾರಾವಾಹಿ. ಮೆಟ್ಟಿಲು ಹತ್ತುತ್ತ ಹೋದರೆ ಕೆಳಗಿನ ಮಹಡಿಯಲ್ಲಿ ಅರ್ಧ ಕೇಳಿದ ಜೋಕಿನ ಉಳಿದರ್ಧ ಮೇಲಿನ ಮಹಡಿಯಲ್ಲಿ ಸಿಗುತ್ತಿತ್ತು. ಪಕ್ಕದ ಮನೆಯಿಂದ ಮೀನು ಹುರಿಯುವ ವಾಸನೆ, ನಮ್ಮ ಮನೆಯಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ. ನಿಮ್ಮ ಮನೆಗಳಲ್ಲೂ ಅಂಥ ಗುರುವಾರಗಳು ಇದ್ದಿರಬಹುದು.

ಆ ಧಾರಾವಾಹಿಯಲ್ಲಿ ಒಬ್ಬ ‘ಮದ್ರಾಸಿ’ ಬಾಡಿಗೆದಾರನಿದ್ದ. ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ‘ಅಯ್ಯಯ್ಯೋ’. ಅವನ ಊರು ಯಾವುದು, ಮನೆಮಾತು ಯಾವುದು ಎಂದು ಅದರಲ್ಲಿ ಯಾವತ್ತೂ ಹೇಳಲಿಲ್ಲ. ಐದನೇ ಕ್ಲಾಸಿನಲ್ಲಿದ್ದ ನನಗೆ ಅವನೆಂದರೆ ಪ್ರಾಣ. ಶುಕ್ರವಾರ ಶಾಲೆಯಲ್ಲಿ ಅವನಂತೆ ಮಾತಾಡಿ ತೋರಿಸುವುದು ನನ್ನ ಕೆಲಸ.

ನಾವು ಗದಗಿನ ಕಡೆಯವರು. ಅಪ್ಪ ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಗುಮಾಸ್ತ. ಬಿಲ್ಡಿಂಗಿನ ಹುಡುಗರಿಗೆ ನಾನು ಮದ್ರಾಸಿ. ಕೆಳಗಿನ ಮನೆಯ ಗೆಳತಿ ಮಾನಸಿಯ ಅಜ್ಜಿಗೆ ಕಾನಡಿ. ಸೂಟಿಯಲ್ಲಿ ಗದಗಿಗೆ ಹೋದರೆ ಚಿಕ್ಕಪ್ಪನ ಮಕ್ಕಳಿಗೆ ಮುಂಬೈ ಮರಾಠಿ. ನಾವು ಖರೇನೇ ಮದ್ರಾಸಿಯೇನು ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. ಅಪ್ಪ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಹಚ್ಚುತ್ತ ನಕ್ಕ.

“ಮದ್ರಾಸ್ ನಾ ಇನ್ನೂ ಕಣ್ಣಿಲೆ ನೋಡಿಲ್ಲ. ಅನ್ನಾವ್ರು ಅಂತಾರ, ಬಿಡವಾ.”

ಅಪ್ಪನಿಗೆ ಮಾತು ಬೇಕು. ಲೋಕಲ್ ಟ್ರೇನಿನಲ್ಲಿ, ಹಾಲಿನವನೊಂದಿಗೆ, ಮೆಟ್ಟಿಲಲ್ಲಿ ಸಿಕ್ಕವರೊಂದಿಗೆ ಹಿಂದಿಯಲ್ಲಿ ಹರಟುತ್ತಿದ್ದ. ಕನ್ನಡದಲ್ಲಿ ಟ್ರೇನಿಗೂ ಚಹಾಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ, ಹಿಂದಿಯಲ್ಲಿದೆ; ಅಲ್ಲಿ ಎರಡೂ ಹೆಣ್ಣು. ಅಪ್ಪ ಅದರ ಗೊಡವೆಗೇ ಹೋಗದೆ ಎಲ್ಲವನ್ನೂ ಗಂಡು ಮಾಡಿಬಿಟ್ಟಿದ್ದ. ‘ಗಾಡಿ ಆ ಗಯಾ.’ ‘ಚಾಯ್ ಠಂಡಾ ಹೋ ಗಯಾ.’ ನನ್ನ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಇಡೀ ಬಿಲ್ಡಿಂಗಿಗೆ ಹೇಳಿಬರುತ್ತಿದ್ದ, ‘ಮೇರಾ ಬೇಟಿ ಬಹುತ್ ಹುಶಾರ್ ಹೈ.’

ಆ ವರ್ಷ ಬಿಲ್ಡಿಂಗಿನ ಸೊಸೈಟಿಯ ಗಣಪತಿ ಹಬ್ಬದಲ್ಲಿ ಮಕ್ಕಳ ಅಭಿನಯ ಸ್ಪರ್ಧೆ ಇಟ್ಟರು. ನಾನು ಮದ್ರಾಸಿಯಾಗುವುದೆಂದು ಹೆಸರು ಕೊಟ್ಟೆ. ಟೀವಿಯ ಮಾತುಗಳು ಎಲ್ಲರಿಗೂ ಬಾಯಿಪಾಠ, ಹೊಸದೇನಾದರೂ ಬೇಕು ಎಂದು ಮಾನಸಿ ಹೇಳಿದಳು. ಹೊಸದನ್ನು ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ.

ಸ್ಪರ್ಧೆಯ ಸಂಜೆ ಅಪ್ಪನೇ ತನ್ನ ಲುಂಗಿಯನ್ನು ಮಡಚಿ ನನಗೆ ಸುತ್ತಿದ. ದೇವರ ಜಗಲಿಯಿಂದ ವಿಭೂತಿ ತಂದು ಮೂರು ಬೆರಳಿನಿಂದ ಹಣೆಗೆ ಎಳೆದ. ಆಮೇಲೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ.

ಟೀವಿಯ ಮಾತುಗಳಿಗೆ ಅಷ್ಟಕ್ಕಷ್ಟೇ ನಗು ಬಂತು. ನಾನು ಕೈ ಬೀಸಿ ‘ಗಾಡಿ ಆ ಗಯಾ’ ಎಂದೆ. ಹಿಂದಿನಿಂದ ಯಾರೋ, “ಅರೇ, ಯೇ ತೋ ಇಸ್ಕಾ ಪಪ್ಪಾ ಹೈ,” ಅಂದರು. ನಗು ಇಡೀ ಮಂಟಪಕ್ಕೆ ಹಬ್ಬಿತು. ಅಪ್ಪ ಹಿಂತಿರುಗಿ ನೋಡಿದ, ಮತ್ತೆ ನನ್ನತ್ತ ನೋಡಿದ. ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕೆಂದು ನನಗೆ ಗೊತ್ತೂ ಆಗಿತ್ತು. ಆದರೆ ಆ ನಗುವಿನಲ್ಲಿ ಬಾಯಿ ನನ್ನ ಮಾತು ಕೇಳಲಿಲ್ಲ. ‘ಮೇರಾ ಬೇಟಿ ಬಹುತ್ ಹುಶಾರ್ ಹೈ’ ಎಂದುಬಿಟ್ಟೆ.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ, ಸ್ವಲ್ಪ ತಡವಾಗಿ.

ಮೊದಲ ಬಹುಮಾನ ಹಿಡಿದು ಮನೆಗೆ ಬಂದರೆ ಅವ್ವ ನನ್ನ ಮುಖ ನೋಡಲಿಲ್ಲ. “ಮಂದಿ ಮುಂದ ಅಪ್ಪನ್ನ ಆಡಿಕೊಂಡ್ಯಲ್ಲ,” ಎಂದಷ್ಟೇ ಅಂದಳು.

“ಸಣ್ಣಾಕಿ ಅದಾಳ, ಬಿಡ. ಚೊಲೋ ಮಾಡಿದ್ಲು,” ಅಂದ ಅಪ್ಪ.

ಮರುದಿನದಿಂದ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಅಪ್ಪನನ್ನು ‘ಗಾಡಿ ಆ ಗಯಾ ಕ್ಯಾ’ ಎಂದು ಮಾತಾಡಿಸತೊಡಗಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಸಲಿಗೆಯಿಂದಲೇ ಅನ್ನುತ್ತಿದ್ದರು. ಅಪ್ಪ ನಗುತ್ತಿದ್ದ. ಆದರೆ ಅವನ ಹಿಂದಿ ದಿನದಿನಕ್ಕೆ ಗಿಡ್ಡವಾಯಿತು. ‘ಹಾಂ.’ ‘ಠೀಕ್.’ ಹಾಲಿನವನ ಜೊತೆ ಮಾತಾಡಲು ನನ್ನನ್ನು ಕಳಿಸತೊಡಗಿದ. ಛಾವಣಿ ಸೋರಿದಾಗ ಸೊಸೈಟಿಯ ಮೀಟಿಂಗಿಗೆ ಅವ್ವ ಹೋದಳು.

ಹಾಗೆ ಅನ್ನಬೇಡಿ ಎಂದು ಬಿಲ್ಡಿಂಗಿನ ಹುಡುಗರಿಗೆ ಕೈಮುಗಿದೆ. ಅವರು ಇನ್ನೊಮ್ಮೆ ಮಾಡಿ ತೋರಿಸು ಎಂದರು. ಗುರುವಾರ ಟೀವಿ ಬಿಟ್ಟು ಅಡುಗೆಮನೆಯಲ್ಲಿ ಕೂತೆ. ಧ್ವನಿ ಸುತ್ತಲಿನ ಮನೆಗಳಿಂದ ಬರುತ್ತಲೇ ಇತ್ತು. ಅಪ್ಪನ ಎದುರು ನಿಂತು ತಪ್ಪಾಯಿತು ಎನ್ನಲು ಎಷ್ಟೋ ಸಲ ಹೋದೆ. ಆಡದೆ ವಾಪಸು ಬಂದೆ. ಹತ್ತನೇ ಕ್ಲಾಸಿನಲ್ಲಿ ನಾನು ಶಾಲೆಗೇ ಮೊದಲಿಗಳಾದೆ. ಅಪ್ಪ ಪೇಢೆ ತಂದ. ಹಂಚಲು ನನ್ನನ್ನೇ ಕಳಿಸಿದ.

ಆ ಬಿಲ್ಡಿಂಗು ಈಗಿಲ್ಲ, ಕೆಡವಿ ದೊಡ್ಡದು ಕಟ್ಟುತ್ತಿದ್ದಾರೆ. ಅವ್ವನೂ ಇಲ್ಲ. ಅಪ್ಪ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿದ್ದಾನೆ. ಲಿಫ್ಟಿನಲ್ಲಿ ಯಾರಾದರೂ ಕುಶಲ ಕೇಳಿದರೆ ತಲೆಯಾಡಿಸುತ್ತಾನೆ. ಅಪ್ಪ ಸ್ವಭಾವದಿಂದಲೇ ಮಿತಭಾಷಿ ಎಂದು ನನ್ನ ಗಂಡ ತಿಳಿದಿದ್ದಾರೆ. ಹಳೆಯ ಅಪ್ಪ ಹೇಗಿದ್ದ ಎಂದು ಹೇಳಬಲ್ಲವಳು ನಾನೊಬ್ಬಳೇ. ಹೇಳಹೊರಟರೆ ಅವನ ಹಿಂದಿಯನ್ನು ಆಡಿ ತೋರಿಸಬೇಕಾಗುತ್ತದೆ. ಅದು ನನ್ನಿಂದಾಗದು.

ಕಳೆದ ತಿಂಗಳು ಮನೆಯಲ್ಲಿ ನಾವಿಬ್ಬರೇ ಇದ್ದಾಗ ಧೈರ್ಯ ಮಾಡಿ ಆ ಗಣಪತಿಯ ಮಾತೆತ್ತಿದೆ. ಅಂದು ನಾನು ಹಾಗೆ ಮಾಡಬಾರದಿತ್ತು ಎಂದೆ.

“ಯಾವ ಗಣಪತಿ? ನಂಗೇನೂ ನೆನಪಿಲ್ಲ ಬಿಡವಾ,” ಅಂದ. ಕಿಟಕಿಯತ್ತ ನೋಡಿ, ಮಳೆ ಬರುವ ಹಾಗಿದೆ, ಬಟ್ಟೆ ತೆಗಿ ಎಂದ.

ಆ ಬಿಲ್ಡಿಂಗಿನ ಪ್ರತಿ ಮನೆಯವರ ಹೆಸರು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದು ಸಹಿತ ಅಪ್ಪನಿಗೆ ಇಂದಿಗೂ ನೆನಪಿದೆ. ಅದೊಂದು ಸಂಜೆ ಮಾತ್ರ ಇಲ್ಲವಂತೆ. ನಾನು ಮತ್ತೇನು ಕೇಳಲಿ? ಎದ್ದು ಬಾಲ್ಕನಿಗೆ ಹೋಗಿ ಬಟ್ಟೆ ತೆಗೆದೆ.