ಜ್ವರಕ್ಕೆ ಕೂತ ಹುಳುಗಳು

ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಹುಳುಗಳಿದ್ದ ಹಿಂದಿನ ಕೋಣೆಯಲ್ಲಿ ಈಗ ನಮ್ಮ ಯಜಮಾನರ ಸ್ಕೂಟರು, ಕೆಟ್ಟುಹೋದ ಗ್ರೈಂಡರು, ಕಾಲು ಮುರಿದ ಕುರ್ಚಿಗಳು ಇದ್ದವು. ಆದರೂ ಅತ್ತೆ ದಿನಕ್ಕೆ ನಾಲ್ಕು ಹೊತ್ತು ಹುಳುಗಳಿಗೆ ಸೊಪ್ಪು ಹಾಕಬೇಕೆಂದು ಎದ್ದು ಹೊರಡುತ್ತಿದ್ದರು. ಮಗನ ಹೆಸರು ಮರೆತಿತ್ತು, ತಾವಿರುವ ಊರು ಶಿಡ್ಲಘಟ್ಟ ಅನ್ನುವುದೂ ಮರೆತಿತ್ತು, ಸೊಪ್ಪಿನ ಹೊತ್ತು ಮಾತ್ರ ತಪ್ಪುತ್ತಿರಲಿಲ್ಲ.

"ಹಸಿದಿವೆ ಕಣಮ್ಮ. ಕೇಳಿಸ್ತಿಲ್ವಾ?" ಅನ್ನುತ್ತಿದ್ದರು.

ಬಲಿತ ಹುಳುಗಳು ಸೊಪ್ಪು ತಿನ್ನುವಾಗ ಮನೆಯೆಲ್ಲ ಒಂದು ಸದ್ದು ಹರಡುತ್ತದೆ, ಹೆಂಚಿನ ಮೇಲೆ ಸಣ್ಣ ಮಳೆ ಹನಿದ ಹಾಗೆ. ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ, ಒಪ್ಪಿದೆ. ಆದರೆ ಸ್ಕೂಟರು ನಿಂತಿರುವ ಕೋಣೆಯಿಂದ ಅದು ಹೇಗೆ ಬರಬೇಕು? ನಾನು ಕಿವಿಗೊಟ್ಟರೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳುತ್ತಿತ್ತು, ಅಷ್ಟೇ.

ನಾನು ಗೌರಿಬಿದನೂರಿನ ಮೇಷ್ಟ್ರ ಮಗಳು, ನಿವೃತ್ತಳಾಗುವ ತನಕ ನಾನೂ ಟೀಚರೇ. ಮದುವೆಯಾಗಿ ಬರುವ ತನಕ ರೇಷ್ಮೆಯನ್ನು ಸೀರೆಯಲ್ಲಿ ನೋಡಿದ್ದೆನೇ ಹೊರತು ಹುಳುವಿನಲ್ಲಿ ನೋಡಿರಲಿಲ್ಲ. ಬಂದ ಮಾರನೆಯ ಬೆಳಿಗ್ಗೆ ತಲೆ ತುಂಬ ಮಲ್ಲಿಗೆ ಮುಡಿದು, ಪೌಡರ್ ಬಳಿದುಕೊಂಡು, ಹೊಸ ಸೊಸೆಯ ಠೀವಿಯಲ್ಲಿ ಹುಳುವಿನ ಕೋಣೆಗೆ ಹೋದೆ. ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದು "ಕೈ ತೊಳೆದ್ಯಾ?" ಅಂದರು. ತೊಳೆದು ಬಂದರೆ "ಹೂವು ತೆಗಿ, ಆ ವಾಸನೆ ಹುಳಕ್ಕೆ ಆಗಲ್ಲ" ಅಂದರು. ಹೂವಾದ ಮೇಲೆ ಪೌಡರಿನ ಸರದಿ. ಅದನ್ನೂ ತೊಳೆದು ಬಂದಾಗ "ನೀನು ಸ್ಕೂಲಿಗೆ ಹೋಗೋಳು, ನಿಂಗ್ಯಾಕಮ್ಮ ಇದೆಲ್ಲ" ಅಂದುಬಿಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನು ಕರೆದರೂ ಈ ಕೋಣೆಗೆ ಕಾಲಿಡುವುದಿಲ್ಲ ಅಂತ ಹಟ ಹಿಡಿದೆ. ಅವರು ಕರೆಯಲೂ ಇಲ್ಲ. ಹುಳುಗಳಿದ್ದಷ್ಟು ಕಾಲವೂ ಸೊಪ್ಪಿನ ಮಂಕರಿಯನ್ನು ಹೊಸ್ತಿಲ ಹೊರಗೆ ನಿಂತೇ ಕೊಟ್ಟವಳು ನಾನು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದಾಗ ನೋಡಿದರೆ ಅತ್ತೆಯೇ ಇರಲಿಲ್ಲ. ಅವರ ಸೀರೆ ಉಟ್ಟುಕೊಂಡು ಇನ್ಯಾರೋ ಮನೆಯಲ್ಲಿ ಓಡಾಡುತ್ತಿದ್ದರು.

ಹಿಪ್ಪುನೇರಳೆ ತೋಟ ನಮ್ಮ ಕೈ ಬಿಟ್ಟುಹೋಗಿತ್ತು. ಸೊಪ್ಪಿಗೆಂದು ಅವರು ಕಂಡ ಕಂಡ ಗಿಡ ಬೋಳಿಸತೊಡಗಿದರು. ಪಕ್ಕದ ಮನೆಯ ದಾಸವಾಳ ಹೋಯಿತು, ಮೂಲೆಮನೆಯ ಕರಿಬೇವು ಹೋಯಿತು. ಒಂದು ದಿನ ಹಿಂದಿನ ಬೀದಿಯವರ ತುಳಸಿಯನ್ನು ಒಂದೆಲೆ ಬಿಡದೆ ಕಿತ್ತು ಮಡಿಲು ತುಂಬಿಕೊಂಡು ಬಂದರು. ಆ ಮನೆಯಾಕೆ ಜಗಳಕ್ಕೇ ಬಂದಳು. "ತುಳಸಿ ಮತ್ತೆ ಚಿಗುರುತ್ತೆ. ನಮ್ಮತ್ತೆ ಚಿಗುರ್ತಾರಾ, ಹೇಳಮ್ಮ" ಅಂತ ಅವಳ ಬಾಯಿ ಮುಚ್ಚಿಸಿದೆ. ಒಳಗೆ ಬಂದು ಆ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ತೀರಿಸಿಕೊಂಡೆ. "ಹುಳ ಇಲ್ಲ ಅತ್ತೆ. ತೆಗೆದು ಯಾವ ಕಾಲ ಆಯ್ತು." ಅವರು ಮಡಿಲಿನ ಸೊಪ್ಪು ಕೆಳಗೆ ಬಿಟ್ಟು ನನ್ನನ್ನೇ ನೋಡಿದರು. ಅಷ್ಟೂ ಹುಳುಗಳು ಆ ಗಳಿಗೆಯಲ್ಲಿ ಸತ್ತವು ಅನ್ನುವಂತಿತ್ತು ಆ ನೋಟ. ಸಂಜೆಗೆ ಅದೂ ಮರೆತು, ಮತ್ತೆ ಎದ್ದು ಹೊರಟರು.

ಆಮೇಲೊಂದು ಬೆಳಿಗ್ಗೆ ಚಿಂತಾಮಣಿ ರಸ್ತೆಯಲ್ಲಿ ಲಾರಿಗಳ ಮಧ್ಯೆ ನಡೆಯುತ್ತಿದ್ದರಂತೆ. ನಮ್ಮ ಬೀದಿಯ ಆಟೋದವನು ಕಂಡು ಕೂರಿಸಿಕೊಂಡು ಬಂದ. ತವರಿನಲ್ಲಿ, ಅಂಬಾಜಿದುರ್ಗ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ, ಬೇಕಾದಷ್ಟು ಸೊಪ್ಪಿದೆ ಅಂತ ಹೊರಟಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನಾಳೆಯಿಂದ ಬೀಗ ಹಾಕೋಣ" ಅಂದರು ನಮ್ಮ ಯಜಮಾನರು.

"ಏನು, ದನ ಕಟ್ಟಿದ್ದೀವಾ ಮನೇಲಿ?"

"ಲಾರಿಗೆ ಸಿಕ್ಕಿದ್ರೆ ನೀನು ತಂದ್ಕೊಡ್ತೀಯ ನಮ್ಮಮ್ಮನ್ನ?"

ಅವರು ಬೀಗ ತಂದು ಕಿಟಕಿಯ ಮೇಲಿಟ್ಟರು. ಇನ್ನೊಂದಷ್ಟು ದಿನ ತಡೆಯಿರಿ, ಏನಾದರೂ ದಾರಿ ಹುಡುಕುತ್ತೇನೆ ಅಂತ ಕೇಳಿಕೊಂಡೆ.

ಹಾಗೆ ನಾವು ಗುರುವಾರದ ಕೂಟಕ್ಕೆ ಹೋಗತೊಡಗಿದ್ದು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಒಬ್ಬರು, ಮರೆವಿನ ಕಾಯಿಲೆಯಲ್ಲೇ ಗಂಡನನ್ನು ಕಳೆದುಕೊಂಡವರು, ಸಮುದಾಯ ಭವನದಲ್ಲಿ ವಾರಕ್ಕೊಂದು ಮಧ್ಯಾಹ್ನ ಇಂಥವರನ್ನೆಲ್ಲ ಸೇರಿಸುತ್ತಿದ್ದರು. ಒಂದು ಜಮಖಾನ, ನಾಲ್ಕು ಮೊರ, ಬಿಡಿಸಲು ಅವರೆಕಾಯಿ, ಕಟ್ಟಲು ಕನಕಾಂಬರ. ಯಾರಿಗೆ ಯಾವ ಕೆಲಸ ಕೈಯಲ್ಲಿ ಉಳಿದಿದೆಯೋ ಅದನ್ನು ಮಾಡುವುದು. ಬಸ್ ಕಂಡಕ್ಟರ್ ಆಗಿದ್ದ ತಾತನೊಬ್ಬರು ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟು "ಒಳಗೆ ಹೋಗಿ, ಒಳಗೆ ಜಾಗ ಇದೆ" ಅನ್ನುತ್ತಿದ್ದರು. ನಾನೂ ಒಂದು ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕೂತೆ.

ಟೀ ಕಾಯಿಸಲು ಬರುತ್ತಿದ್ದವರು ನಮ್ಮ ಎದುರು ಮನೆಯ ಮುಸ್ಲಿಂ ಅಕ್ಕ, ಬೀದಿಗೆಲ್ಲ ಆಪಾ. ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು, ಹುಳುವಿನ ವಿಷಯ ಬಲ್ಲವರು. ನನ್ನ ಗೋಳು ಕೇಳಿ ನಕ್ಕರು.

"ಟೀಚರಮ್ಮ, ಹುಳ ಇಲ್ಲ ಅಂತ ಯಾಕೆ ಹೇಳ್ತೀರ? ಜ್ವರಕ್ಕೆ ಕೂತಿವೆ ಅನ್ನಿ. ಸುಮ್ನಾಗ್ತಾರೆ."

ರೇಷ್ಮೆಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿ ಕಲ್ಲಿನಂತೆ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ತೇವ ಹೀರಲು ಒಂದಿಷ್ಟು ಸುಣ್ಣ ಉದುರಿಸಿ ಬಿಟ್ಟುಬಿಡಬೇಕು. ಸೊಪ್ಪು ಹಾಕಬಾರದು, ಹುಳುವಿರುವ ಬಿದಿರಿನ ತಟ್ಟೆ ಮುಟ್ಟಬಾರದು, ಗಲಾಟೆ ಮಾಡಬಾರದು. ಹುಳು ಸಾಕುವವರಿಗೆ ಬಿಡುವು ಸಿಗುವುದು ಆಗ ಮಾತ್ರ.

ಆ ಸಂಜೆ ಅತ್ತೆ ಎದ್ದು ಸೆರಗು ಕಟ್ಟುತ್ತಿದ್ದಂತೆ ಹೇಳಿದೆ. "ಅತ್ತೆ, ಹುಳ ಜ್ವರಕ್ಕೆ ಕೂತಿವೆ."

"ಹೌದಾ? ಸುಣ್ಣ ಉದುರಿಸಿದ್ಯಾ?"

"ಉದುರಿಸಿದೆ."

"ಸರಿ ಬಿಡು. ನೀನೂ ಒಸಿ ಮಲಕ್ಕೋ" ಅಂದು ಕೂತರು. ಮದುವೆಯಾದಾಗಿನಿಂದ ಅವರು ನನ್ನನ್ನು ಮಲಗು ಅಂದದ್ದು ಅದೇ ಮೊದಲು.

ಮಾತು ಬೀದಿಗೆಲ್ಲ ಹಬ್ಬಿತು. ಅತ್ತೆ ಹೊರಗೆ ಕಂಡರೆ ಸಾಕು, ಅಂಗಡಿಯವನು "ಅಜ್ಜೀ, ಹುಳ ಜ್ವರಕ್ಕೆ ಕೂತಿವೆಯಂತೆ" ಅನ್ನುವನು. ಹೂವಿನವಳು ಅನ್ನುವಳು, ಆಟೋದವನು ಅನ್ನುವನು. ತುಳಸಿಗಾಗಿ ಜಗಳಕ್ಕೆ ಬಂದವಳೂ ಅಂದಳು. ಹುಳುವೇ ಇಲ್ಲ, ಅದಕ್ಕೆ ಊರೆಲ್ಲ ಜ್ವರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಆದರೆ ಅತ್ತೆ ಪ್ರತಿ ಸಲವೂ "ಹಂಗಾ" ಅಂದು ತಿರುಗಿ ಬರುತ್ತಿದ್ದರು. ಬೀಗ ಕಿಟಕಿಯ ಮೇಲೇ ಉಳಿಯಿತು. ಗುರುವಾರ ನರ್ಸಮ್ಮ ಇದನ್ನು ಎಲ್ಲರಿಗೂ ಹೇಳಿ ನನ್ನನ್ನು ಹೊಗಳಿದರು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಒಗೆದ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ಅತ್ತೆ ಹಿಂದಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸದ್ದೇ ಇಲ್ಲದೆ.

"ಲೇವಲೇದು" ಅಂದರು. ಅವರ ತವರಿನ ಮಾತು ತೆಲುಗು. ಕನ್ನಡ ಹಿಂದೆ ಸರಿದಾಗ ಅದು ಮುಂದೆ ಬರುತ್ತಿತ್ತು. ಎದ್ದಿಲ್ಲ, ಹುಳುಗಳು ಜ್ವರದಿಂದ ಎದ್ದಿಲ್ಲ ಅನ್ನುತ್ತಿದ್ದರು.

ಹುಳುವಿನ ಜ್ವರ ಒಂದು ದಿನದ್ದು, ಹೆಚ್ಚೆಂದರೆ ಇನ್ನರ್ಧ ದಿನ. ಅದನ್ನು ದಾಟಿಯೂ ಏಳಲಿಲ್ಲ ಅಂದರೆ ಹುಳು ಸತ್ತಿದೆ ಎಂದೇ ಲೆಕ್ಕ. ನಾವು ಇಡೀ ಬೀದಿಯವರು ಸೇರಿ ವಾರಗಟ್ಟಲೆ ಅವುಗಳನ್ನು ಜ್ವರಕ್ಕೆ ಕೂರಿಸಿದ್ದೆವು. ಬೆಳಗ್ಗೆ ಹೇಳಿದ್ದು ಅವರಿಗೆ ಸಂಜೆಗೆ ನೆನಪಿರುವುದಿಲ್ಲ ಅಂತ ಧೈರ್ಯವಾಗಿದ್ದೆವು. ಹೇಳಿದ ಮಾತು ಮರೆತಿರಬಹುದು. ಹೊತ್ತು ಮೀರಿದ್ದು ಅವರೊಳಗೆ ಎಲ್ಲೋ ಜಮೆಯಾಗುತ್ತಾ ಬಂದಿತ್ತು.

"ಎದ್ದಿವೆ ಅತ್ತೆ, ನಾನೇ ನೋಡಿದೆ" ಅಂದೆ.

"ಸದ್ದಿಲ್ಲವಲ್ಲ" ಅಂದರು.

ಅಲ್ಲಿಯ ತನಕ ಇಲ್ಲದ ಸದ್ದು ಕೇಳಿಸಿಕೊಳ್ಳುತ್ತಿದ್ದವರಿಗೆ ಈಗ ಅದು ನಿಂತುಹೋಗಿತ್ತು. ಅನ್ನದ ತಟ್ಟೆ ಇಟ್ಟರೆ ಪಕ್ಕಕ್ಕೆ ಸರಿಸಿದರು. ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು "ಈ ಕೈಯಲ್ಲೇ ಸತ್ವು" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹೆಣ ಇಲ್ಲದ ಸೂತಕ ಶುರುವಾಯಿತು. ನಾವು ಮೆಲ್ಲಗೆ ಮಾತಾಡತೊಡಗಿದೆವು. ಟಿವಿ ಹಾಕಲಿಲ್ಲ. ಸ್ಕೂಟರು ತೆಗೆಯಲು ಆ ಕೋಣೆಗೆ ಹೋದ ಯಜಮಾನರು ಚಪ್ಪಲಿಯನ್ನು ಹೊರಗೆ ಬಿಟ್ಟು ಹೋದರು.

ಗುರುವಾರ ಕೂಟದಲ್ಲಿ ಆಪಾ ಅತ್ತುಬಿಟ್ಟರು. "ನಾನೇ ಹೇಳಿಕೊಟ್ಟಿದ್ದು. ನನ್ನ ನಾಲಿಗೆ ಸೀದುಹೋಗ." ನರ್ಸಮ್ಮ ಅವರ ಕೈ ಹಿಡಿದುಕೊಂಡರು. "ಇವರಿಗೆ ಈಗ ಬಾಯಲ್ಲಿ ಹೇಳಿದ್ರೆ ಆಗಲ್ಲ. ಕಣ್ಣಿಗೆ ಕಾಣಿಸ್ಬೇಕು" ಅಂದರು. ಮಂಡಿಕಲ್ ಕಡೆಯ ರೈತರೊಬ್ಬರು ಆಪಾಗೆ ಪರಿಚಯ. ಅವರ ಮನೆಯಲ್ಲಿ ಹುಳುಗಳು ಗೂಡು ಕಟ್ಟುವಷ್ಟು ಹಣ್ಣಾಗುವುದರಲ್ಲಿದ್ದವು. ಮುಂದಿನ ಕೂಟಕ್ಕೆ ಎರಡು ತಟ್ಟೆ ಹುಳು, ಒಂದು ಚಂದ್ರಿಕೆ ಟೆಂಪೋದಲ್ಲಿ ಬಂದವು. ಚಂದ್ರಿಕೆ ಅಂದರೆ ಗೂಡು ಕಟ್ಟಲು ಹುಳು ಬಿಡುವ ದೊಡ್ಡ ಬಿದಿರಿನ ತಟ್ಟಿ, ಸುರುಳಿ ಸುರುಳಿ ಗೋಡೆಯದು.

ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದೆವು. ತಟ್ಟೆ ಕಂಡ ಕೂಡಲೇ ನಿಂತರು. ಕೈ ತೊಳೆಯಲು ನೀರು ಕೇಳಿದರು. ಆಮೇಲೆ ಒಂದು ಹುಳುವನ್ನು ಎರಡೇ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಹಣ್ಣಾದ ಹುಳುವಿನೊಳಗೆ ಬೆಳಕು ಹಾಯುತ್ತದೆ, ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. "ಇದು ಆಗೈತೆ" ಅಂದು ಚಂದ್ರಿಕೆಗೆ ಬಿಟ್ಟರು. ಇನ್ನೊಂದನ್ನು ಎತ್ತಿ "ಇದು ಇನ್ನೊಂದು ಹೊತ್ತು ತಿನ್ಲಿ" ಅಂದು ವಾಪಸು ಇಟ್ಟರು. ಅವರೆಕಾಯಿ ಬಿಡಿಸುತ್ತಿದ್ದವರೆಲ್ಲ ಸುತ್ತ ಬಂದು ಕೂತು ಆರಿಸತೊಡಗಿದರು. ಕಂಡಕ್ಟರ್ ತಾತ ಪ್ರತಿ ಹುಳುವಿಗೂ "ಒಳಗೆ ಹೋಗಿ, ಜಾಗ ಇದೆ" ಅನ್ನುತ್ತಿದ್ದರು. ಅತ್ತೆಗೆ ನಗು ಬಂತು. ಆ ನಗು ನೋಡಿ ನಾನು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಚಂದ್ರಿಕೆಯನ್ನು ನಮ್ಮ ಮನೆಗೆ ತಂದೆವು. ಗೂಡಾದವು. ಅತ್ತೆ ಒಂದೊಂದನ್ನೇ ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಸದ್ದು ಮಾಡುತ್ತದಾ ಅಂತ ನೋಡಿದರು. ಕಡೆಯದನ್ನು ಬುಟ್ಟಿಗೆ ಹಾಕಿ "ಬೆಳೆ ಆಯ್ತು, ಮನೆ ತೊಳೀರಿ" ಅಂದರು. ಹೋಗಿ ಮಲಗಿದರು.

ಮತ್ತೆ ಏಳಲಿಲ್ಲ. ಉಸಿರಾಡುತ್ತಿದ್ದರು, ಬಾಯಿಗಿಟ್ಟರೆ ಎರಡು ಚಮಚ ಗಂಜಿ ನುಂಗುತ್ತಿದ್ದರು, ಅಷ್ಟೇ. ಬೆಳಿಗ್ಗೆ ಸೊಪ್ಪಿನ ಹೊತ್ತು ಬಂತು, ಹೋಯಿತು. ಮಧ್ಯಾಹ್ನದ್ದು, ಸಂಜೆಯದ್ದು, ಮಲಗುವ ಹೊತ್ತಿನದ್ದು. ಗೋಡೆಯ ಕಡೆ ಮುಖ ಮಾಡಿ ಬಿದ್ದಿದ್ದರು. ಬೀದಿಯವರೆಲ್ಲ "ಅಂತೂ ಅಜ್ಜಿ ಓಡಾಡೋದು ಬಿಟ್ರು, ನಿಮಗೆ ನೆಮ್ಮದಿ" ಅಂದರು. ಯಜಮಾನರು ಬೀಗವನ್ನು ಒಳಗೆತ್ತಿಟ್ಟರು. ಡಾಕ್ಟರು ವಯಸ್ಸಾಯಿತಲ್ಲ ಅಂದರು. ನನಗೆ ಮಾತ್ರ ಗೊತ್ತಾಗುತ್ತಿತ್ತು. ಅವರನ್ನು ರಸ್ತೆಗೆ ಎಳೆದೊಯ್ಯುತ್ತಿದ್ದದ್ದೂ ಆ ಹುಳುಗಳೇ, ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದೂ ಅವೇ. ಲಾರಿಯಿಂದ ಉಳಿಸಿ ಗೋಡೆಗೆ ಕೊಟ್ಟಿದ್ದೆವು. ಆ ನಿಶ್ಶಬ್ದ ನನಗೆ ತಡೆಯಲಾಗಲಿಲ್ಲ. ಒಬ್ಬಳೇ ಇದ್ದಾಗ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಎದ್ದವಳೇ ಸ್ಕೂಟರನ್ನು ಹೊರಗೆ ತಳ್ಳಿದೆ. ಗ್ರೈಂಡರು, ಕುರ್ಚಿ ಎಲ್ಲ ಹಿತ್ತಿಲಿಗೆ ಹೋದವು. ಕೋಣೆ ತೊಳೆದೆ. ಅಟ್ಟದಿಂದ ಒಂದು ಹಳೆಯ ತಟ್ಟೆ ಇಳಿಸಿ ಒರೆಸಿದೆ. ಯಜಮಾನರು ಬಾಗಿಲಲ್ಲಿ ನಿಂತು "ನಿಂಗೂ ಹಿಡೀತಾ?" ಅಂದರು. ಆಪಾ ತರಿಸಿಕೊಟ್ಟಿದ್ದ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಅತ್ತೆಯ ಮಂಚದ ಪಕ್ಕದಲ್ಲೇ ಹಲಗೆಯ ಮೇಲಿಟ್ಟು ಹೆಚ್ಚತೊಡಗಿದೆ.

"ಅತ್ತೆ, ಚಾಕಿ ಬಂದಿದೆ." ಚಾಕಿ ಅಂದರೆ ಮೊಟ್ಟೆಯೊಡೆದು ಹೊಸದಾಗಿ ಬಂದ ಮರಿಹುಳು. ತಟ್ಟೆಯಲ್ಲಿ ಏನೂ ಇರಲಿಲ್ಲ.

ಚಾಕು ಹಲಗೆಗೆ ತಾಗುವ ಸದ್ದು ತುಸು ಹೊತ್ತು ಹಾಗೇ ನಡೆಯಿತು. ಅವರು ಗೋಡೆಯ ಕಡೆಯಿಂದ ಈ ಕಡೆ ಹೊರಳಿದರು.

"ಇನ್ನೂ ಸಣ್ಣಗೆ ಹೆಚ್ಚು" ಅಂದರು. ಮತ್ತೆ, "ಕೈ ತೊಳೆದ್ಯಾ?"

ತೊಳೆದಿರಲಿಲ್ಲ. ಎದ್ದು ಹೋಗಿ ತೊಳೆದು ಬಂದೆ. ಅವರನ್ನು ತೋಳಲ್ಲಿ ಹಿಡಿದು ಹಿಂದಿನ ಕೋಣೆಯ ತನಕ ನಡೆಸಿದೆ. ಹೊಸ್ತಿಲಲ್ಲಿ ಹಳೆಯ ಅಭ್ಯಾಸದಂತೆ ನಿಂತೆ. "ಬಾಮ್ಮ ಒಳಕ್ಕೆ" ಅಂದರು. ಖಾಲಿ ತಟ್ಟೆಯ ಮೇಲೆ ಇಬ್ಬರೂ ಸೊಪ್ಪು ಉದುರಿಸಿದೆವು. ಏನೂ ಕೇಳಿಸಲಿಲ್ಲ. ಅತ್ತೆಗೆ ಅದರಿಂದ ಬೇಸರವಾಗಲಿಲ್ಲ. "ಮರಿ ಅಲ್ವಾ. ಸದ್ದು ಬರೋಕೆ ನಾಕನೇ ಜ್ವರ ಏಳ್ಬೇಕು" ಅಂದರು.

ಅಂದಿನಿಂದ ನಾವಿಬ್ಬರೂ ನಾಲ್ಕು ಹೊತ್ತು ಏಳುತ್ತೇವೆ. ಹೊತ್ತು ಮೀರದಂತೆ ಜ್ವರಕ್ಕೆ ಕೂರಿಸುತ್ತೇನೆ, ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತೇನೆ. ಗುರುವಾರ ಕೂಟದಲ್ಲಿ ಎಲ್ಲರೂ "ಹುಳ ಎಲ್ಲಿಗೆ ಬಂದ್ವು?" ಅಂತ ಕೇಳುತ್ತಾರೆ. ಅತ್ತೆ ಹೇಳುತ್ತಾರೆ. ಮೊನ್ನೆ ನಾಲ್ಕನೆಯ ಜ್ವರದಿಂದ ಎದ್ದವು.

ನಿನ್ನೆ ಮಧ್ಯಾಹ್ನ ಅತ್ತೆ ನಿದ್ದೆಯಲ್ಲಿದ್ದರು. ಹೊರಗೆ ಬಿಸಿಲು, ಎಲೆ ಅಲುಗುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಹೆಂಚಿನ ಮೇಲೆ ಸಣ್ಣಗೆ ಮಳೆ ಹನಿಯತೊಡಗಿತು. ಬಟ್ಟೆ ತೆಗೆಯಬೇಕೆಂದು ಎದ್ದೆ, ಹಿತ್ತಿಲ ಬಾಗಿಲ ತನಕ ಹೋದೆ. ನಮ್ಮ ಮನೆಗೆ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿ ಎಷ್ಟೋ ವರ್ಷವಾಯಿತು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಅತ್ತೆಯನ್ನು ಎಬ್ಬಿಸಲಿಲ್ಲ. ಕೈ ತೊಳೆದುಕೊಂಡು ಸೊಪ್ಪಿನ ಬುಟ್ಟಿ ಎತ್ತಿಕೊಂಡೆ.