ತಂಪಿನ ಖೋಲಿ

ಅವ್ವ ತನ್ನ ಬದುಕಿನಲ್ಲಿ ಪ್ರವಾಸವೆಂದು ಹೋದದ್ದು ಒಂದೇ ಸಲ. ಕರೆದುಕೊಂಡು ಹೋದವಳು ನಾನು. ಎಂಥ ಜಾಗದಲ್ಲಿ ಉಳಿಯಬೇಕೆಂಬುದನ್ನು ಅವಳೇ ಹೇಳಿದ್ದಳು. ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ, ಆಮೇಲೆ ಅವಳು ಕೇಳಿರದ ಜಾಗಕ್ಕೆ ಕರೆದೊಯ್ದೆ. ತಪ್ಪು ನನಗೆ ತಿಳಿಯುವ ಹೊತ್ತಿಗೆ ಅವಳು ಇರಲಿಲ್ಲ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು, ಏಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿಯೇ. ಪುಣೆಯ ಹಡಪಸರದ ಒಂದು ಕಚೇರಿಯಲ್ಲಿ ಕುಳಿತು, ರಜೆಗೆ ಹೊರಡುವವರಿಗಾಗಿ ವಸತಿಗೃಹಗಳ ವಿವರಗಳನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. ನನ್ನ ಪಾಲಿಗೆ ಬಂದಿರುವುದು ಪರಿಸರಸ್ನೇಹಿ ವಸತಿಗಳ ವಿಭಾಗ. ಕೋಸ್ಟರಿಕಾದ ಕಾಡಿನ ಬಿದಿರುಮನೆ, ಮಾಡಿನ ಮೇಲೆ ಹುಲ್ಲು ಬೆಳೆಸಿದ ನಾರ್ವೆಯ ಮರದ ಮನೆ, ಮೊರಾಕ್ಕೊದ ಮರಳುಗಾಡಿನಂಚಿನಲ್ಲಿ ದಪ್ಪ ಮಣ್ಣುಗೋಡೆಯ ಅತಿಥಿಗೃಹ. ಯಾವುದನ್ನೂ ನಾನು ಕಂಡವಳಲ್ಲ. ಚಿತ್ರ ನೋಡಿ ಬರೆಯುವವಳು. ನಮ್ಮಲ್ಲಿ ಒಂದು ನಿಯಮವಿದೆ: ವಿವರಣೆಯಲ್ಲಿ ‘ಇಲ್ಲ’ ಎಂಬ ಪದ ಬರಬಾರದು. ಟಿವಿ ಇಲ್ಲವೆನ್ನುವಂತಿಲ್ಲ, ‘ಹಕ್ಕಿಗಳ ದನಿ ಮಾತ್ರ ಕೇಳಿಸುವ ಕೋಣೆ’ ಎನ್ನಬೇಕು. ನಲ್ಲಿಯಲ್ಲಿ ಬಿಸಿನೀರು ಬಾರದಿದ್ದರೆ ‘ಸೌದೆ ಒಲೆಯ ನೀರಿನ ಸ್ನಾನ’ ಎನ್ನಬೇಕು. ಎಸಿ ಇಲ್ಲದ ಮಣ್ಣಿನ ಕೋಣೆಗೆ ಯಾವ ಪದವೂ ಹೊಂದದೆ ಎಲ್ಲರೂ ತಡಕಾಡುತ್ತಿದ್ದಾಗ ‘ತಂಪಿನ ಕೋಣೆ’ ಎಂದು ಸೂಚಿಸಿದವಳು ನಾನು. ಮೇಲಧಿಕಾರಿ ಅದನ್ನು ಪದಪಟ್ಟಿಗೆ ಸೇರಿಸಿದರು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದ ಮೊದಲಿಗಳು ನಾನು. ಒಂದು ಪದವನ್ನು ನಾನು ಸರಿಯೆಂದದ್ದಕ್ಕೆ ನಾಲ್ಕು ಜನ ಸರಿಯೆಂದದ್ದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ.

ಅವ್ವ ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು. ಕಟ್ಟಡ ಎಲ್ಲಿಯೋ ಅಲ್ಲಿಯೇ ಪಕ್ಕದಲ್ಲಿ ನಮ್ಮ ಪತ್ರಾ ಷೆಡ್ಡು. ಕಟ್ಟಡ ಮುಗಿದ ವಾರದಲ್ಲಿ ತಗಡು ಬಿಚ್ಚಿಕೊಂಡು ಮುಂದಿನ ಕಡೆಗೆ. ನನಗೆ ಕೆಲಸ ಸಿಕ್ಕಿದ ಮೇಲೆ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ಎರಡು ಕೋಣೆ ಹಿಡಿದು ಅವಳನ್ನು ಕರೆತಂದೆ. ಅಲ್ಲಿಯೂ ತಲೆಯ ಮೇಲೆ ತಗಡೇ. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಅವಳು ಸೆರಗನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿಯೇ ಅದು ಒಣಗಿರುತ್ತಿತ್ತು.

ಅಂಥದೊಂದು ಮೇ ತಿಂಗಳಲ್ಲಿ ನನಗೆ ನಾಲ್ಕು ದಿನ ರಜೆ ದೊರೆಯಿತು.

“ಯವ್ವಾ, ಎಲ್ಲಿಗಾರ ಹೋಗೂಣು. ಪಂಢರಪುರಕ್ಕ ಹೋಗೂಣೇನು?” ಎಂದು ಕೇಳಿದೆ.

“ಇಠೋಬ ಎಲ್ಲಿ ಓಡಿ ಹೋಗ್ತಾನ? ಅಂವಾ ನಿಂತಾಂವ ನಿಂತೇ ಇರ್ತಾನ” ಎಂದು ನಕ್ಕಳು. ಆಮೇಲೆ ತುಸು ತಡೆದು ಹೇಳಿದಳು. “ನನಗೊಂದ್ ಆಸಿ ಅದ ನೋಡವ್ವ. ಒಂದಿನ ತಂಪಿನ ಖೋಲ್ಯಾಗ ಮಲಗಬೇಕು. ಮಟಮಟ ಮಧ್ಯಾನದಾಗ. ಯಾರೂ ಎಬ್ಬಸಬಾರ್ದು.”

ಖೋಲಿ ಎಂದರೆ ಕೋಣೆ; ಪುಣೆಯಲ್ಲಿ ನಮ್ಮವರೆಲ್ಲ ಹಾಗೆಯೇ ಅನ್ನುವುದು. ಪದಪಟ್ಟಿಯಲ್ಲಿದ್ದ ನನ್ನ ಪದ ಅವ್ವನ ಬಾಯಿಂದ ಬಂದಿತ್ತು. ಅದಕ್ಕೆ ಬೇರೊಂದು ಅರ್ಥವಿರಬಹುದೆಂದು ನನಗೆ ಹೊಳೆಯಲಿಲ್ಲ. ಎಂಥ ಖೋಲಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಬಾರಾಮತಿಯ ಆಚೆ, ಕಬ್ಬಿನ ಗದ್ದೆಗಳ ನಡುವೆ ಇಂಥ ಒಂದು ವಸತಿಯಿತ್ತು. ಅದರ ವಿವರವನ್ನು ನಾನೇ ಬರೆದಿದ್ದೆ. ಮಣ್ಣಿನ ಗೋಡೆ, ಕಬ್ಬಿನ ಒಣಗರಿ ಹೊದಿಸಿದ ಮಾಡು, ಸೆಗಣಿ ಸಾರಿಸಿದ ನೆಲ, ಹಗ್ಗದ ಹೊರಸು, ಬಿಸಿಲಿನ ವಿದ್ಯುತ್ತಿನಿಂದ ತಿರುಗುವ ಒಂದು ಫ್ಯಾನು. ಬಸ್ಸಿನಲ್ಲಿ ಅವ್ವ ಕಿಟಕಿಯ ಬದಿಗೆ ಕುಳಿತಿದ್ದಳು. ನನ್ನ ಮದುವೆಗೆಂದು ಎತ್ತಿಟ್ಟಿದ್ದ ಇಳಕಲ್ ಸೀರೆಯನ್ನು ಉಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ದೊಡ್ಡ ಹೋಟೆಲು ಕಂಡಾಗಲೆಲ್ಲ “ಇದೇನು?” ಎಂದು ಕೇಳುತ್ತಿದ್ದಳು. “ಅಲ್ಲವ್ವ, ಇನ್ನೂ ಮುಂದದ, ಇದಕ್ಕಿಂತ ಛಲೋ ಅದ” ಎಂದು ನಾನು ಅನ್ನುತ್ತಿದ್ದೆ.

ಬಾಗಿಲು ತೆಗೆದಾಗ ಅವಳು ಹೊಸ್ತಿಲಲ್ಲಿಯೇ ನಿಂತಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಗೋಡೆಯ ಮೇಲೆ ಅಂಗೈಯಿಟ್ಟು ಸವರಿದಳು.

“ಮಣ್ಣಿನ್ಯಾಗ ಹುಲ್ಲು ಕಮ್ಮಿ ಬಿದ್ದದ. ಮಳಿಗಾಲಕ್ಕ ಬಿರಕ ಬಿಡ್ತದ.”

“ಇದು ತಂಪಿನ ಖೋಲಿ ಯವ್ವಾ. ಗೋಡಿನೇ ತಂಪ ಇಡ್ತದ. ಕರೆಂಟ್ ಬ್ಯಾಡ, ಹೊಗಿ ಇಲ್ಲ. ಭೂಮಿಗಿ ಛಲೋ.”

“ಭೂಮಿಗಿ ನಾ ಏನ್ ಮಾಡೀನವ್ವ?” ಎಂದಳು. ಆ ಮಾತನ್ನು ನಾನು ತಮಾಷೆಯೆಂದು ತಿಳಿದು ನಕ್ಕೆ. ಅವಳೂ ನಕ್ಕಳು. ತಲೆಯೆತ್ತಿ, ಕಿರುಗುಡುತ್ತ ನಿಧಾನವಾಗಿ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿ, “ಇದಕ್ಕೂ ನನ್ನಂಗ ಮೊಣಕಾಲ ಬ್ಯಾನಿ ಕಾಣ್ತದ” ಎಂದಳು.

ಊಟವಾದ ಮೇಲೆ ಇಬ್ಬರೂ ಮಲಗಿದೆವು. ನನಗೆ ಗಾಢ ನಿದ್ರೆ ಬಂದಿತು. ಎಚ್ಚರವಾದಾಗ ಪಕ್ಕದ ಹೊರಸು ಖಾಲಿಯಿತ್ತು. ಹೊರಗೆ ಜನರ ದನಿ ಕೇಳುತ್ತಿತ್ತು. ಹೋಗಿ ನೋಡಿದರೆ ಅವ್ವ ಇಳಕಲ್ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮಣಿಕಟ್ಟಿನವರೆಗೆ ಸೆಗಣಿಯಲ್ಲಿ ಕೈ ಅದ್ದಿ, ಪಡಸಾಲೆಯಲ್ಲಿ ಕಿತ್ತುಹೋದ ನೆಲವನ್ನು ಸಾರಿಸುತ್ತಿದ್ದಳು. ಸುತ್ತಲೂ ಮುಂಬಯಿಯಿಂದ ಬಂದಿದ್ದ ಅತಿಥಿಗಳು. ವಸತಿಯನ್ನು ನೋಡಿಕೊಳ್ಳುವ ಹೆಂಗಸು ಮೊಬೈಲ್ ಎತ್ತಿ ಹಿಡಿದು, “ಮಾವಶೀ, ಕಿತಿ ಛಾನ್!” ಎಂದು ಮರಾಠಿಯಲ್ಲಿ ಕೊಂಡಾಡುತ್ತಿದ್ದರು. ಚಿಕ್ಕಮ್ಮಾ, ಎಷ್ಟು ಚೆಂದವೆಂದು. ಅತಿಥಿಗಳಲ್ಲಿ ಒಬ್ಬಳು ತಾನೂ ಕೈಯಿಟ್ಟು ಕಿಸಕ್ಕನೆ ನಕ್ಕಳು. ಅವಳ ಬೆರಳು ಹಿಡಿದು ಅರ್ಧಚಂದ್ರದ ಹಾಗೆ ಎಳೆಯುವುದನ್ನು ಅವ್ವ ಕಲಿಸಿದಳು.

ಆ ಹೊತ್ತಿಗೆ ನನಗಾದದ್ದನ್ನು ಮರೆಮಾಚಬಾರದು. ನನಗೆ ಹೆಮ್ಮೆಯಾಯಿತು. ಪ್ರವಾಸ ಸಾರ್ಥಕವಾಯಿತೆಂದುಕೊಂಡೆ. ಅವಳಿಗೆ ನಿದ್ರೆ ಬಂದಿತ್ತೋ ಇಲ್ಲವೋ ಎಂದು ಕೂಡ ಕೇಳಲಿಲ್ಲ. ಮರಳುವಾಗ ಬಸ್ಸಿನಲ್ಲಿ “ಹೆಂಗಿತ್ತವ್ವ?” ಎಂದೆ. “ಭಾಳ ಛಲೋ ಇತ್ತು. ನೀ ಮಾಡಿದ್ದು ಎಂದಾರ ಕೆಟ್ಟ ಇರ್ತದೇನು?” ಎಂದಳು. ಅವಳ ಉಗುರಿನ ಸಂದಿಯಲ್ಲಿ ಸೆಗಣಿ ಒಣಗಿತ್ತು.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಿತು. ಎದೆಯಲ್ಲಿ ಕಫ ಕಟ್ಟಿತು, ಒಂದು ವಾರದಲ್ಲಿ ಹೋಗಿಬಿಟ್ಟಳು. ಇದನ್ನು ಇನ್ನೂ ವಿಸ್ತರಿಸಿ ಬರೆಯಲು ನನಗೆ ಆಗುವುದಿಲ್ಲ.

ಅವ್ವನ ಜೊತೆ ವರ್ಷಗಟ್ಟಲೆ ಇಟ್ಟಿಗೆ ಹೊತ್ತ ಹೆಂಗಸೊಬ್ಬಳು ಇದ್ದಾಳೆ. ಬಳಗದವಳಲ್ಲ, ಆದರೂ ನಾನು ಚಿಗವ್ವ ಎನ್ನುತ್ತೇನೆ. ಹಡಪಸರದಿಂದ ಎರಡು ಬಸ್ಸು ಬದಲಿಸಿ, ಅವ್ವ ಹೋದ ಮೂರನೆಯ ದಿನ ಬೆಳಿಗ್ಗೆ ನಮ್ಮ ವಾಡೆಗೆ ಬಂದಳು. ಅತ್ತು ಮುಗಿದ ಮೇಲೆ ಚಹಾ ಕುಡಿಯುತ್ತ ತಗಡಿನ ಕಡೆ ನೋಡಿ ಹೇಳಿದಳು.

“ಪಾಪ, ಕಡೀಕೂ ಯೇಶಿ ಖೋಲ್ಯಾಗ ಮಲಗಲಿಲ್ಲ ನೋಡು.”

“ಯಾವ ಖೋಲಿ?”

“ಯೇಶಿ ಖೋಲಿ. ಹಡಪಸರದಾಗ ಆ ದೊಡ್ಡ ಹೋಟೆಲ್ ಕಟ್ಟೀವಲ್ಲ? ಮುಗಿಯೋ ಮುಂದ ಒಂದ್ ಖೋಲ್ಯಾಗ ಮಷೀನ್ ಹಚ್ಚಿ ನೋಡ್ಲಾಕತ್ತಿದ್ರು. ನಾವಿಬ್ರೂ ಕಸಾ ಬಳೀಲಾಕ ಒಳಗ ಹೋದ್ವಿ. ಹೊರಗ ಬೆಂಕಿ ಬೀಳ್ಲಾಕತ್ತದ, ಒಳಗ ಐಸಿನಂಗ! ನಿಮ್ಮವ್ವ ಕಸಬರಗಿ ಹಿಡಕೊಂಡು ನಿಂತೇಬಿಟ್ಟಳು. ‘ಇಲ್ಲೇ ಒಂದ್ ಮಧ್ಯಾನ ಬಿದ್ದಕೊಂಡ್ರ ಸಾಕಲೇ’ ಅಂದಳು. ಮುಕಾದಮ ಬಂದು ಇಬ್ರಿಗೂ ಬೈದು ಹೊರಗ ಹಾಕ್ದ.”

“ಮತ್ತ ನನಗ ತಂಪಿನ ಖೋಲಿ ಅಂದಳಲ್ಲ ಚಿಗವ್ವ? ಎಸಿ ಅಂತ ಯಾಕ ಹೇಳ್ಲಿಲ್ಲ?”

ಚಿಗವ್ವ ಬಟ್ಟಲನ್ನು ಕೆಳಗಿಟ್ಟಳು. “ಯೇಶಿ ಅಂದ್ರ ನೀ ತಿದ್ದತೀಯಲ್ಲವ್ವ.”

ಹೌದು, ತಿದ್ದಿದ್ದೆ. ಕಾಲೇಜಿನಲ್ಲಿದ್ದಾಗ ಗೆಳತಿಯೊಬ್ಬಳು ನಮ್ಮ ಜೊತೆ ಬಸ್ಸಿಗೆ ನಿಂತಿದ್ದಳು. ಅವ್ವ “ಯೇಶಿ ಬಸ್ ಬಂತು” ಎಂದಳು. “ಯೇಶಿ ಅಲ್ಲವ್ವ, ಎಸಿ. ಅನ್ನು ನೋಡೋಣ” ಎಂದು ನಾನು ಮೂರು ಸಲ ಅನ್ನಿಸಿದೆ. ಮೂರು ಸಲವೂ ಅವಳ ನಾಲಿಗೆಗೆ ಬಂದದ್ದು ಯೇಶಿಯೇ. ಗೆಳತಿ ನಕ್ಕಳು, ನಾನೂ ನಕ್ಕೆ, ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಆ ಪದ ಅವಳ ಬಾಯಿಂದ ನನ್ನೆದುರಿಗೆ ಒಮ್ಮೆಯೂ ಬಂದಿರಲಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಗೆಗೀಡಾಗದ ಪದವೊಂದನ್ನು ಹುಡುಕಿ, ಜೋಡಿಸಿ, ಅವಳು ನನ್ನ ಮುಂದಿಟ್ಟಿದ್ದಳು. ಕಚೇರಿಯಲ್ಲಿ ಅದೇ ಪದವನ್ನು ನಾನು ಎಸಿ ಇಲ್ಲದ ಕೋಣೆಗೆ ಅಂಟಿಸಿ ಕುಳಿತಿದ್ದೆ.

“ಆ ಮಣ್ಣಿನ ಮನಿಯಿಂದ ಬಂದ ಮ್ಯಾಗ ನಿನಗೇನಂದಳು ಚಿಗವ್ವ?”

ಅವಳು ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು. “ನಕ್ಕೋತನೇ ಅಂದಳವ್ವ. ‘ಯಾದಗಿರಿಯಾಗ ಬಿಟ್ಟು ಬಂದ ಗುಡಸಲಿಗೇ ಬಸ್ಸಿನ್ಯಾಗ ಕರಕೊಂಡು ಹೋಗಿದ್ದಳು ಮಗಳು’ ಅಂದಳು. ಹಂಗಂದು ಮತ್ತ ತಾನೇ, ‘ಆಕಿದೇನು ತಪ್ಪಿಲ್ಲ, ಓದಿದಾಕಿ, ನನಗೇ ಸರಿಯಾಗಿ ಹೇಳ್ಲಾಕ ಬರಲಿಲ್ಲ’ ಅಂದಳು.”

ಆ ವಸತಿಯನ್ನು ನಾನು ದೂರುವುದಿಲ್ಲ. ಗೋಡೆ ನಿಜಕ್ಕೂ ತಂಪಾಗಿತ್ತು, ನಾನು ನಿದ್ರಿಸಿದ್ದೇ ಅದಕ್ಕೆ ಸಾಕ್ಷಿ. ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆಯದವರಿಗೆ ಅದು ಒಳ್ಳೆಯ ರಜೆ. ಈಗಲೂ ಅಂಥ ಮನೆಗಳ ವಿವರಗಳನ್ನು ಬರೆಯುತ್ತೇನೆ. ಆದರೆ ಆ ಬೆಳಿಗ್ಗೆ ನನಗೆ ಇದಾವುದೂ ತೋಚಲಿಲ್ಲ. ಏನಾದರೂ ಒಂದನ್ನು ಈಗಿಂದೀಗಲೇ ಸರಿಪಡಿಸಬೇಕೆಂಬ ಗಾಬರಿಯಷ್ಟೇ ಇತ್ತು.

“ಚಿಗವ್ವ, ನೀ ನಡಿ. ಎಸಿ ಖೋಲಿ ಹಿಡೀತೀನಿ. ಮಧ್ಯಾನ ಮಲಗು. ನಾ ಬಾಗಲದಾಗ ಕುಂದರ್ತೀನಿ, ಯಾರೂ ಎಬ್ಬಸಂಗಿಲ್ಲ.”

“ಹುಚ್ಚವ್ವ, ನನಗ ಥಂಡಿ ತಡಿಯಂಗಿಲ್ಲ, ಮೊಣಕಾಲ ಹಿಡೀತಾವ” ಎಂದು ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ನಾನು ಮತ್ತೆ ಮತ್ತೆ ಕೇಳಿದೆ. ಕೊನೆಗೆ ಕೈ ತೆಗೆದು, “ಆಕಿ ನಿದ್ದಿ ನಾ ಹೆಂಗ ಮಾಡ್ಲವ್ವ?” ಎಂದಳು.

ಮಳೆ ಹಿಡಿಯುವ ಮೊದಲು ಬಸ್ಸು ಹತ್ತಬೇಕೆಂದು ಅವಳು ಎದ್ದಳು. ವಾಡೆಯ ಕಟ್ಟಿಗೆಯ ಮೆಟ್ಟಿಲುಗಳು ಕಡಿದಾಗಿವೆ. ಅವಳ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ.