ಕೆಡ್ಡಸದ ದಿನ ಕೆಂಚಿ ಓಡಿದ್ದು

ವಾರಿಜಾ, ಸುಧಾಕರ, ಸಣ್ಣ ಗೀತಾ,

ಹೋದ ಕೆಡ್ಡಸಕ್ಕೆ ನೀವು ಮೂವರೂ ಬಟ್ಟಲು ತುಂಬ ನನ್ನೆರಿ ಹಿಡಿದುಕೊಂಡು ಬಂದು, ಅಜ್ಜಿ ಯಾಕೆ ಒಂದು ಚಿಟಿಕೆಯೂ ತಿನ್ನುವುದಿಲ್ಲ ಅಂತ ಕೇಳಿದಿರಿ. ಹಲ್ಲಿಲ್ಲ ಅಂತ ಹೇಳಿ ನಾನು ಒಳಗೆ ಹೋದೆ. ಅದು ಸುಳ್ಳು. ಹುರಿದ ಅಕ್ಕಿಯ ಹುಡಿ ತಿನ್ನಲು ಹಲ್ಲು ಬೇಡ. ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ, ನಿಮ್ಮ ಅಜ್ಜನ ಹತ್ತಿರವೂ ಹೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳುವಾದರೂ ನನಗೆ ಬರೆಯಲು ಕಲಿಸಿದ್ದು ಕನ್ನಡದಲ್ಲಿ.

ಆಗ ನೇತ್ರಾವತಿ ಹೊಳೆಗೆ ರೈಲಿನ ಸಂಕ, ಅಂದರೆ ಸೇತುವೆ, ಒಂದೇ ಇತ್ತು. ಜನ ದೋಣಿಯಲ್ಲಿ ದಾಟಬೇಕು. ಈಚೆ ದಡದಲ್ಲಿ, ಜೆಪ್ಪಿನ ಗುಡ್ಡದ ಮೇಲೆ, ಒಬ್ಬ ಬಿಳಿ ದೊರೆಯ ಬಂಗಲೆ. ನನ್ನ ಅಪ್ಪ ಅಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಲಾಯಕ್ಕೆ ತಾಗಿಕೊಂಡು ಒಂದು ಸೂರು ಇಳಿಸಿ ಮಾಡಿದ ಎರಡು ಕೋಣೆಯೇ ನಮ್ಮ ಮನೆ. ಬೆಳಿಗ್ಗೆ ಎದ್ದರೆ ಬೆಂದ ಹುರುಳಿಯ ವಾಸನೆ, ಒದ್ದೆ ಹುಲ್ಲಿನ ವಾಸನೆ, ಜೀನಿಗೆ ಉಜ್ಜುವ ಎಣ್ಣೆಯ ವಾಸನೆ. ಲದ್ದಿಯ ವಾಸನೆ ಇರಲಿಲ್ಲವೆಂದಲ್ಲ, ನಮಗೆ ಅದು ಗೊತ್ತಾಗುತ್ತಿರಲಿಲ್ಲ. ಕುದುರೆಗೆ ಬೇಯಿಸಿದ ಹುರುಳಿಯಲ್ಲಿ ಒಂದು ಮುಷ್ಟಿ ಅಮ್ಮ ನನಗೂ ಉಪ್ಪು ಹಾಕಿ ಕೊಡುತ್ತಿದ್ದಳು. ನನಗೆ ಆಗ ಒಂಬತ್ತು ವರ್ಷ. ಆಡಲು ಜೊತೆಯವರಿಲ್ಲದ ಕಾರಣ ಹುಣಸೆಬೀಜ ಹಿಡಿದುಕೊಂಡು ಲಾಯದ ಮೆಟ್ಟಿಲಲ್ಲಿ ಒಬ್ಬಳೇ ಕೂತು ಆಡುತ್ತಿದ್ದೆ. ಬಂಗಲೆಯಿಂದ ಯಾರಾದರೂ ಬಂದರೆ ಹುಲ್ಲಿನ ರಾಶಿಯ ಹಿಂದೆ ಹೋಗಿ ನಿಲ್ಲುವುದು ನನ್ನ ಕ್ರಮ.

ಹಿಂದಿನ ವರ್ಷ ದೊರೆ ಒಂದು ಎಳೆಯ ಹೆಣ್ಣು ಕುದುರೆಯನ್ನು ತರಿಸಿದ್ದರು. ಅದಕ್ಕೆ ಎಂತದೋ ಇಂಗ್ಲಿಷು ಹೆಸರು. ಅದು ಅಪ್ಪನ ನಾಲಿಗೆಗೆ ಬರಲಿಲ್ಲ. ಮೈ ಕೆಂಚಾದ್ದರಿಂದ ಕೆಂಚಿ ಅಂತ ಕರೆದರು. ಮಳೆಗಾಲ ಪೂರ್ತಿ ಅಪ್ಪ ಅದಕ್ಕೆ ಲಗಾಮು ಕಲಿಸಿದರು, ಜೀನು ಕಲಿಸಿದರು, ಕೊಡೆ ಬಿಡಿಸಿದರೆ ಹೆದರದ ಹಾಗೆ ಅದರ ಎದುರು ದಿನಾ ಕೊಡೆ ಬಿಡಿಸಿ ಮಡಚಿದರು. ಗುಡುಗು ಬಂದ ದಿನ ಅದರ ಕುತ್ತಿಗೆ ಹಿಡಿದುಕೊಂಡು ನಿಂತೇ ಇರುತ್ತಿದ್ದರು. ಬಂಗಲೆಯ ಬಟ್ಲರ ಜೋಕಿಂ ಮಾಮ ಅಡುಗೆಮನೆಯ ಕಿಟಕಿಯಿಂದ ನೋಡಿ ನನ್ನನ್ನು ಕರೆಯುತ್ತಿದ್ದರು. "ಓ ಲಚ್ಚು, ನಿನ್ನ ಅಪ್ಪನಿಗೆ ಎರಡು ಸಂಸಾರ ಉಂಟು ಮಾರಾಯ್ತಿ. ಒಂದು ಒಲೆಯ ಹತ್ರ, ಒಂದು ಲಾಯದಲ್ಲಿ." ಅಮ್ಮನಿಗೆ ಅದು ಕೇಳಿ ನಗುವೂ ಬರುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು.

ಕೆಂಚಿ ದೊರೆಸಾನಿಗೆಂದು ತಂದ ಕುದುರೆ. ನರಿಬೇಟೆಗೆ ನಾಯಿಗಳ ಹಿಂದೆ ಹೋಗಲು ಅದು ಕಲಿಯಬೇಕಿತ್ತು. ಚಳಿ ಮುಗಿಯುತ್ತ ಬಂದಾಗ ದೊರೆ ಅಪ್ಪನಿಗೆ ಹೇಳಿದರು, ಬರುವ ಆದಿತ್ಯವಾರ ಪದವು ಬಯಲಿಗೆ ಬೇಟೆಗೆ ಕೊಂಡುಹೋಗುವ, ಮೊದಲ ಸಲ ನೀನೇ ಹತ್ತು, ಸರಿ ನಡೆದರೆ ಇಟ್ಟುಕೊಳ್ಳುವ, ಇಲ್ಲದಿದ್ದರೆ ಜಟ್ಕಾದವನಿಗೆ ಕೊಟ್ಟುಬಿಡುವ. ಪೇಟೆಯ ಜಟ್ಕಾ ಕುದುರೆಗಳ ಹುಣ್ಣುಬಿದ್ದ ಬೆನ್ನು ನೀವು ನೋಡಿಲ್ಲ. ಅಪ್ಪ ಅದನ್ನು ನೋಡಿದವರು. ಆ ವಾರ ಅವರು ಸರಿ ಊಟ ಮಾಡಲಿಲ್ಲ.

ಪದವು ಅಂದರೆ ಊರಿನಿಂದ ಮೂಡಕ್ಕೆ, ಕೆಂಪು ಮುರಕಲ್ಲಿನ ಗಟ್ಟಿ ನೆಲದ ದೊಡ್ಡ ಬಯಲು. ಮುಳಿಹುಲ್ಲು, ಅಲ್ಲಲ್ಲಿ ಗೇರುಮರ, ಅಷ್ಟೇ. ಬೇಟೆಯ ಮುಂಚಿನ ದಿನ ಅಲ್ಲಿಗೆ ಹೋಗಿ ನರಿಬಿಲಗಳನ್ನು ಮಣ್ಣು ಹಾಕಿ ಮುಚ್ಚಿ ಬರುವುದು ಅಪ್ಪನ ಕೆಲಸ. ಮುಚ್ಚದಿದ್ದರೆ ನರಿ ಓಡುವ ಬದಲು ಬಿಲಕ್ಕೆ ಹೊಕ್ಕುಬಿಡುತ್ತದೆ. ಆದರೆ ಆ ಆದಿತ್ಯವಾರ ನಡುಕೆಡ್ಡಸ. ಅದರ ಮುಂಚಿನ ದಿನ ಕೆಡ್ಡಸ ಸುರು.

ನಿಮಗೆ ಗೊತ್ತುಂಟು, ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ. ಆ ಮೂರು ದಿನ ಹಾರೆ ಹಾಕಬಾರದು, ಉಳಬಾರದು, ಹಸಿಮರ ಕಡಿಯಬಾರದು. ಬೇಟೆಗೆ ಅಡ್ಡಿ ಇಲ್ಲ, ನಮ್ಮ ಗಂಡಸರೂ ಆ ದಿನಗಳಲ್ಲಿ ಬೇಟೆಗೆ ಹೋಗುವವರೇ. ನೆಲಕ್ಕೆ ಗಾಯ ಮಾಡಬಾರದು, ಅಷ್ಟೇ. ಅಪ್ಪ ಹಾರೆ ಹೆಗಲಿಗೆ ಹಾಕಿಕೊಂಡು ಹೊರಟಾಗ ಅಮ್ಮ ಒಲೆಯ ಹತ್ತಿರ ನನ್ನೆರಿಗೆ ಅಕ್ಕಿ, ಹುರುಳಿ, ಹೆಸರು ಹುರಿಯುತ್ತಿದ್ದಳು. ಸೌಟು ಹಾಗೆಯೇ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಇವತ್ತು ಹಾರೆಯಾ?"

"ದೊರೆಯ ಕೆಲಸ ಮಾರಾಯ್ತಿ. ಅವರಿಗೆ ಕೆಡ್ಡಸ ಎಂತ ಗೊತ್ತುಂಟು?"

"ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟಲ್ಲ."

ಅಪ್ಪ ಹಾರೆಯನ್ನು ಗೋಡೆಗೆ ಒರಗಿಸಿ, ಒಣಗಿದ ತೆಂಗಿನ ಮಡಲುಗಳ ಒಂದು ಕಟ್ಟು ತಲೆಗೆ ಏರಿಸಿಕೊಂಡರು. ಸಣ್ಣ ಕಟ್ಟೊಂದು ನನ್ನ ತಲೆಗೂ ಬಂತು.

ಪದವಿನಲ್ಲಿ ಏಳೆಂಟು ಬಿಲಗಳಿದ್ದವು. ಸಣ್ಣವಕ್ಕೆ ಅಪ್ಪ ಅಲ್ಲಿಯೇ ಬಿದ್ದಿದ್ದ ಮುರಕಲ್ಲಿನ ತುಂಡು ತುರುಕಿದರು. ಒಂದು ಗೇರುಮರದ ಹತ್ತಿರ, ಸಮನೆಲದಲ್ಲಿ, ಒಂದು ದೊಡ್ಡ ಬಿಲ. ಕಲ್ಲು ಹಾಕಿದರೆ ಉರುಳಿ ಒಳಗೆ ಹೋಗುತ್ತಿತ್ತು. ಮಣ್ಣು ಅಗೆದು ತುಂಬಿದರೆ ಅರ್ಧ ಗಳಿಗೆಯ ಕೆಲಸ. ಅಪ್ಪ ಅಗೆಯಲಿಲ್ಲ. ಬಿಲಕ್ಕೆ ಅಡ್ಡಡ್ಡ ಮಡಲು ಹಾಸಿದರು. ನರಿಗೆ ಇಷ್ಟು ಸಾಕು ಅಂದರು. ಕುದುರೆಯ ಕಾಲು ಬಿದ್ದರೋ ಅಂತ ನಾನು ಕೇಳಿದೆ. ಮಡಲು ದೂರಕ್ಕೆ ಕಾಣುತ್ತದೆ, ನಾನೇ ಹತ್ತುವುದಲ್ಲವಾ, ನೋಡಿ ಬದಿಗೆ ತಿರುಗಿಸುತ್ತೇನೆ ಅಂದರು. ಹೊಸ ಕುದುರೆ ಮುಂದೆ ನೋಡುತ್ತದೆ, ಕಾಲಬುಡ ನೋಡುವುದಿಲ್ಲ, ಅದಕ್ಕೆ ಹತ್ತಿದವ ನೋಡಬೇಕು ಅಂತಲೂ ಹೇಳಿದರು.

ಅಪ್ಪ ಮುಂದಿನ ಬಿಲ ಹುಡುಕಿಕೊಂಡು ಹೋದರು. ನಾನು ಅಲ್ಲಿಯೇ ನಿಂತೆ. ಮಣ್ಣು ಹಾಕಲು ಹೇಳಿದಲ್ಲಿ ಮಡಲು ಕಂಡರೆ ದೊರೆ ಅಪ್ಪನಿಗೆ ಬಯ್ಯುತ್ತಾರೆ ಅಂತ ನನಗೆ ಹೆದರಿಕೆಯಾಯಿತು. ದೊರೆ ಬಯ್ಯುವಾಗ ಅಪ್ಪ ತಲೆ ತಗ್ಗಿಸಿ ನಿಲ್ಲುವುದನ್ನು ನಾನು ಹುಲ್ಲಿನ ರಾಶಿಯ ಹಿಂದಿನಿಂದ ನೋಡಿದ್ದೆ. ಗೇರುಮರದ ಅಡಿಯಿಂದ ತರಗೆಲೆ ತಂದು ಮಡಲಿನ ಮೇಲೆ ಹರಡಿದೆ. ಅಗೆಯದೆ, ಬರೀ ಕೈಯಲ್ಲಿ, ಸಡಿಲ ಹುಡಿಮಣ್ಣು ಒಟ್ಟುಮಾಡಿ ಮೇಲೆ ಉದುರಿಸಿದೆ. ಎದ್ದು ನೋಡಿದರೆ ಅಲ್ಲಿ ಬಿಲ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ನನಗೆ ಬಹಳ ಖುಷಿಯಾಯಿತು. ಅಪ್ಪನಿಗೆ ಹೇಳಬೇಕು ಅಂತಿದ್ದೆ. ದಾರಿಯಲ್ಲಿ ಅವರು ಕೆಂಚಿಯ ಯೋಚನೆಯಲ್ಲಿ ಮುಂದೆ ಮುಂದೆ ನಡೆದರು. ನಾನು ಹೇಳಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲು ಅಮ್ಮ ಒಂದು ಮುಷ್ಟಿ ನನ್ನೆರಿ ತಂದು ಕೆಂಚಿಯ ಬಾಯಿಗೆ ಕೊಟ್ಟಳು. "ಇವತ್ತು ಬುದ್ಧಿಯಲ್ಲಿ ನಡೆ ಮಗಾ" ಅಂದಳು. ಅದರಲ್ಲಿ ಹುರುಳಿ ಉಂಟು, ಬೆಲ್ಲ ಉಂಟು, ಕೆಂಚಿ ಅಮ್ಮನ ಬೆರಳು ಬೆರಳು ನೆಕ್ಕಿತು. ನಾನು ಜೋಕಿಂ ಮಾಮನ ಜೊತೆ, ದೊರೆಗಳ ತಿಂಡಿಯ ಪೆಟ್ಟಿಗೆ ಇದ್ದ ಎತ್ತಿನಗಾಡಿಯಲ್ಲಿ ಪದವಿಗೆ ಹೋದೆ. ಮುಳಿಹುಲ್ಲಿನ ಮೇಲೆ ಮಂಜು ಇತ್ತು. ದೊರೆ, ಅವರ ಸ್ನೇಹಿತರು ಇಬ್ಬರು, ಹತ್ತು ಹನ್ನೆರಡು ನಾಯಿ. ಎಲ್ಲರ ಹಿಂದೆ ಕೆಂಚಿಯ ಮೇಲೆ ಅಪ್ಪ. ಹೊಸ ಕುದುರೆಯನ್ನು ಪಳಗಿದ ಕುದುರೆಯ ಬಾಲದ ಹಿಂದೆಯೇ ಇಡಬೇಕು, ಮುಂದೆ ಬಿಡಬಾರದು. ಅಪ್ಪ ಹಾಗೆಯೇ ಹಿಡಿದುಕೊಂಡಿದ್ದರು. ನೋಡು, ಮದುಮಗಳು ಹೇಗೆ ನಡೆಯುತ್ತಾಳೆ ಅಂತ ಜೋಕಿಂ ಮಾಮ ನನಗೆ ತೋರಿಸಿದರು.

ನಾಯಿಗಳಿಗೆ ನರಿಯ ವಾಸನೆ ಸಿಕ್ಕಿತು. ಹನ್ನೆರಡು ನಾಯಿ ಒಟ್ಟಿಗೆ ಬೊಗಳಿದ್ದನ್ನು ಕೆಂಚಿ ಹುಟ್ಟಿದ ಮೇಲೆ ಕೇಳಿರಲಿಲ್ಲ. ಕೊಡೆಗೆ, ಗುಡುಗಿಗೆ, ರೈಲಿಗೆ ಎಲ್ಲ ಅಪ್ಪ ಅದನ್ನು ಅಭ್ಯಾಸ ಮಾಡಿಸಿದ್ದರು, ಇದಕ್ಕೆ ಆಗಿರಲಿಲ್ಲ. ಅದು ನಿಂತಲ್ಲಿಯೇ ನಡುಗಿತು, ಕಿವಿ ಎರಡೂ ಮುಂದಕ್ಕೆ ಬಂದವು, ಆಮೇಲೆ ಹಾರಿ ಓಡಿತು. ದೊರೆಯ ಮುದಿ ಕುದುರೆಯನ್ನು ದಾಟಿತು, ನಾಯಿಗಳ ಬದಿಯಿಂದ ದಾಟಿತು. ಅಷ್ಟು ಚಂದ ಓಡುವ ಪ್ರಾಣಿಯನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಅಪ್ಪ ಬೆನ್ನು ಹಿಂದಕ್ಕೆ ಹಾಕಿ ಲಗಾಮು ಎಳೆಯುತ್ತಿದ್ದರು. ಅವರ ತಲೆ ಆಚೆ ಈಚೆ ತಿರುಗುತ್ತಿತ್ತು. ಅವರು ಮಡಲು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

ನಾನು ಗಾಡಿಯಲ್ಲಿ ಎದ್ದು ನಿಂತೆ. ಗೇರುಮರದ ಹತ್ತಿರ ಅಂತ ಒಂದು ಮಾತು ಕೂಗಿದ್ದರೆ ಸಾಕಿತ್ತು. ಗಾಳಿ ಅವರ ಕಡೆಗೇ ಇತ್ತು, ಕೇಳುತ್ತಿತ್ತು. ಆದರೆ ಅಷ್ಟು ಬಿಳಿ ಜನರ ಎದುರು ಕೂಗಲು ನನಗೆ ಸ್ವರ ಬರಲಿಲ್ಲ. ಬಾಯಿ ತೆರೆದಿತ್ತು, ಅಷ್ಟೇ.

ಕೆಂಚಿಯ ಮುಂಗಾಲು ತರಗೆಲೆಯ ಮೇಲೆ ಬಿತ್ತು. ಮುರಿದ ಸದ್ದು ಗಾಡಿಯವರೆಗೆ ಬಂತು.

ನಾವು ಓಡಿ ಹೋಗುವಾಗ ಅಪ್ಪ ಎದ್ದು ಕೂತಿದ್ದರು. ಎಡಗೈ ಹೆಗಲಿನಿಂದ ಜೋತುಬಿದ್ದಿತ್ತು. ಕೆಂಚಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುಡುಗು ಬಂದ ದಿನದ ಹಾಗೆ ಅದರ ಕುತ್ತಿಗೆ ಸವರುತ್ತಿದ್ದರು. ಅದು ಮೂರು ಕಾಲಿನಲ್ಲಿ ಏಳಲು ನೋಡುತ್ತಿತ್ತು. ದೊರೆ ಕೋವಿ ತರಿಸಿದರು. ಜೋಕಿಂ ಮಾಮ ನನ್ನ ಮುಖವನ್ನು ತಮ್ಮ ಅಂಗಿಗೆ ಒತ್ತಿ ಹಿಡಿದರು. ಒಂದೇ ಗುಂಡು.

ಆಮೇಲೆ ದೊರೆ ಬಿಲದ ಹತ್ತಿರ ಬಂದು ಬೂಟಿನಲ್ಲಿ ಎಲೆ ಸರಿಸಿದರು. ಮುರಿದ ಮಡಲು ಕಂಡಿತು. ಮಣ್ಣು ಯಾಕೆ ತುಂಬಲಿಲ್ಲ, ಮೇಲಿಂದ ಎಲೆ ಮುಚ್ಚಿ ತನಗೆ ಮೋಸ ಮಾಡಿದ್ದು ಯಾರು ಅಂತ ಕೇಳಿದರು. ಜೋಕಿಂ ಮಾಮ ಅದನ್ನು ಅಪ್ಪನಿಗೆ ತುಳುವಿನಲ್ಲಿ ಹೇಳಿದರು. ಅಪ್ಪ ಎಲೆಗಳನ್ನು ನೋಡಿದರು. ಅದನ್ನು ಅವರು ಮೊದಲ ಸಲ ನೋಡಿದ್ದು ಆಗ. ಮತ್ತೆ ನನ್ನ ಕಡೆ ನೋಡಿದರು, ತುಂಬ ಹೊತ್ತು ಅಲ್ಲ.

"ನಾನೇ" ಅಂದರು.

"ಕೆಡ್ಡಸ ಅಂತ ಹೇಳು ಮಾರಾಯ" ಅಂತ ಜೋಕಿಂ ಮಾಮ ಮೆಲ್ಲನೆ ಹೇಳಿದರು. "ನಾನು ಅವರಿಗೆ ಅರ್ಥ ಮಾಡಿಸ್ತೇನೆ."

"ಬೇಡ. ಭೂಮಿಯ ಮೇಲೆ ದೂರು ಹಾಕುವುದು ಬೇಡ."

ದೊರೆ ಅಪ್ಪನನ್ನು ಸೋಮಾರಿ ಅಂದರು. ಹದಿನಾಲ್ಕು ವರ್ಷ ಸೂರ್ಯ ಹುಟ್ಟುವ ಮೊದಲು ಎದ್ದ ಮನುಷ್ಯನಿಗೆ ಆ ಒಂದು ಮಾತು. ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡು ಅಂದರು. ಕುದುರೆ ಇಲ್ಲಿಯೇ ಬಿದ್ದಿರಲಿ, ನರಿ ತಿನ್ನಲಿ ಅಂತ ಹೇಳಿ ಹೋದರು.

ಅಪ್ಪ ಹೋಗಲಿಲ್ಲ. ನರಿಬಿಲ ಮುಚ್ಚಲು ಎತ್ತದ ಹಾರೆಯನ್ನು ನಡುಕೆಡ್ಡಸದ ಆ ದಿನ ಗಾಡಿಯವನ ಕೈಯಲ್ಲಿ ಮನೆಯಿಂದ ತರಿಸಿದರು. ನಾನು ಕ್ರಿಸ್ತಾನದವ, ನನಗೆ ಕೆಡ್ಡಸ ಇಲ್ಲ, ಹಾರೆ ನನಗೆ ಕೊಡು ಅಂತ ಜೋಕಿಂ ಮಾಮ ಕೋಟು ಬಿಚ್ಚಿದರು. ಅಪ್ಪ ಕೊಡಲಿಲ್ಲ. ಮೊದಲ ಪೆಟ್ಟು ನನ್ನದಾಗಲಿ, ಪಾಪ ನಿನಗೆ ಬೇಡ ಅಂದರು. ಒಂದು ಕೈಯಲ್ಲಿಯೇ ಹಾರೆ ಎತ್ತಿ ಹಾಕಿದರು. ಉಳಿದದ್ದನ್ನು ಜೋಕಿಂ ಮಾಮ ಮತ್ತು ಗಾಡಿಯವ ಅಗೆದರು. ಮುರಕಲ್ಲಿನ ನೆಲ, ಸಂಜೆಯಾಯಿತು. ಎಲೆ ಮುಚ್ಚಿದ್ದು ನಾನು ಅಂತ ಹೇಳಲು ಮೂರು ಸಲ ಅಪ್ಪನ ಹತ್ತಿರ ಹೋದೆ. ಮೂರು ಸಲವೂ ನೀರಿನ ಚೆಂಬು ಕೊಟ್ಟು ಬಂದೆ.

ಕೆಡ್ಡಸದ ಕೊನೆಯ ದಿನ ಹೆಂಗಸರು ತುಳಸಿಯ ಹತ್ತಿರ ನೆಲಕ್ಕೆ ಎಣ್ಣೆ ಬಿಡುತ್ತಾರಲ್ಲ, ಅಮ್ಮ ಆ ಎಣ್ಣೆಯ ತಟ್ಟೆ ಹಿಡಿದುಕೊಂಡು ಅಷ್ಟು ದೂರ ಪದವಿಗೆ ನಡೆದಳು. ಅಗೆದ ಮಣ್ಣಿನ ಮೇಲೆ ಎಣ್ಣೆ ಬಿಟ್ಟು, ಕೈಯಲ್ಲಿ ಸವರಿದಳು. ಅವಳು ಯಾರಿಗೆ ಎಣ್ಣೆ ಹಾಕಿದಳು, ಭೂಮಿಗೋ ಕೆಂಚಿಗೋ, ನನಗೆ ಗೊತ್ತಿಲ್ಲ. ಹಾರೆ ಬೇಡ ಅಂದದ್ದು ತಾನು ಅಂತ ಅವಳು ಸಾಯುವವರೆಗೆ ಕೊರಗಿದಳು. ನಾನು ಬಾಯಿಬಿಟ್ಟಿದ್ದರೆ ಅವಳ ಭಾರ ಅರ್ಧವಾದರೂ ಇಳಿಯುತ್ತಿತ್ತು.

ಹದಿನೈದು ದಿನದಲ್ಲಿ ನಾವು ಪಾತ್ರೆ, ಚಾಪೆ ಹೊತ್ತು ದೋಣಿ ಹತ್ತಿ ಹೊಳೆ ದಾಟಿದೆವು, ಮಾವನ ಊರಿಗೆ. ದೋಣಿ ನಡುಹೊಳೆಗೆ ಬಂದಾಗ ಅಪ್ಪ ನೀರು ನೋಡುತ್ತ ನನ್ನ ಹತ್ತಿರ ಹೇಳಿದರು. "ಕೂಗಲು ಕಲಿ ಮಗಾ. ಇನ್ನೊಂದು ಸಲ ಬೇಕಾದರೆ?" ಅಷ್ಟೇ. ಆ ದಿನ ನಾನು ಗಾಡಿಯಲ್ಲಿ ಎದ್ದು ನಿಂತದ್ದನ್ನು ಅವರು ಕಂಡಿದ್ದರು. ಎಲ್ಲ ಗೊತ್ತಿತ್ತು. ಮುಂದಿನ ತಿಂಗಳು, ಹೆಣ್ಣುಮಗುವಿಗೆ ಎಂತ ಶಾಲೆ ಅಂತ ಮಾವ ಹೇಳಿದರೂ ಕೇಳದೆ, ನನ್ನನ್ನು ಊರಿನ ಶಾಲೆಯಲ್ಲಿ ಕೂರಿಸಿದರು. ನಾಲ್ಕು ಮಕ್ಕಳ ನಡುವೆ ಕೂತರೆ ಬಾಯಿ ಬರುತ್ತದೆ ಅಂದರು. ಐದನೆಯ ತರಗತಿಯವರೆಗೆ ಹೋದೆ. ಅಪ್ಪ ಮತ್ತೆ ಕುದುರೆ ಮುಟ್ಟಲಿಲ್ಲ. ಎಡಗೈ ಹೆಗಲಿಗಿಂತ ಮೇಲೆ ಏರಲಿಲ್ಲ. ಕೆಡ್ಡಸಕ್ಕೆ ನನ್ನೆರಿ ಬಡಿಸಿದರೆ ಸುಮ್ಮನೆ ಬಟ್ಟಲು ಸರಿಸುತ್ತಿದ್ದರು. ನಾನೂ ಸರಿಸಿದೆ.

ಹೋದ ವರ್ಷ ನಿಮ್ಮ ಅಪ್ಪ ನನ್ನನ್ನು ಕಾರಿನಲ್ಲಿ ಆ ಕಡೆ ಕೊಂಡುಹೋಗಿದ್ದ. ಪದವು ಇಲ್ಲ. ಮುಳಿಹುಲ್ಲಿಲ್ಲ, ನರಿ ಇಲ್ಲ, ಗೇರುಮರ ಒಂದೂ ಇಲ್ಲ. ಮನೆ ಮೇಲೆ ಮನೆ. ಅದು ಕೆಡ್ಡಸದ ದಿನ. ದೊಡ್ಡ ಯಂತ್ರವೊಂದು ನೆಲ ಅಗೆಯುತ್ತಿತ್ತು, ಯಾರೂ ನಿಂತು ನೋಡಲಿಲ್ಲ. ಕೆಂಚಿಯನ್ನು ಹೂತ ಜಾಗ ಎಲ್ಲಿ ಅಂತ ನನಗೂ ಹೇಳಲಾಗಲಿಲ್ಲ. ಒಂದು ಕಾಲದಲ್ಲಿ ಒಬ್ಬ ಮನುಷ್ಯ ಇಲ್ಲಿ ಅರ್ಧ ಗಳಿಗೆಯ ಅಗೆತಕ್ಕೆ ಹಿಂಜರಿದು ಇದ್ದದ್ದನ್ನೆಲ್ಲ ಕಳೆದುಕೊಂಡ ಅಂದರೆ ಅಲ್ಲಿದ್ದವರು ನಗುತ್ತಿದ್ದರು. ನಾನು ಕಾರಿನಿಂದ ಇಳಿಯಲಿಲ್ಲ.

ಎಲೆ ಮುಚ್ಚಿದ್ದು ನಾನು. ಅಪ್ಪ ಸೋಮಾರಿಯಲ್ಲ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಕೂಗಲು ನನಗೆ ಕೊನೆಗೂ ಬರಲಿಲ್ಲ ಮಕ್ಕಳೇ, ಬರೆಯಲು ಮಾತ್ರ ಬಂತು. ಈ ಹಾಳೆಗಳನ್ನು ನನ್ನ ಮರದ ಪೆಟ್ಟಿಗೆಯಲ್ಲಿ, ಸೀರೆಯ ಅಡಿಯಲ್ಲಿ ಇಟ್ಟಿದ್ದೇನೆ. ಗೆದ್ದಲು ಹಿಡಿಯದ ಹಾಗೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಜೋಪಾನ ಮಾಡಿ.